ಒಂದೇ ಸಲ ಕೇಳುವ ಮಾರ್ತಾಬಾಯಿ

"ಚಹಾ ಕುಡಿತೀಯೇನ?" ಎಂದು ಒಂದೇ ಸಲ ಕೇಳಿ, ಬೇಡ ಅಂದರೆ ಕಪ್ಪು ಎತ್ತಿಕೊಂಡು ಒಳಗೆ ಹೋಗಿಬಿಡುವ ಹೆಂಗಸು ಇಡೀ ಹುಬ್ಬಳ್ಳಿಯಲ್ಲಿ ಒಬ್ಬರೇ ಇದ್ದರು. ನಮ್ಮ ಕಡೆ ಮೊದಲ ಸಲ ಬೇಡವೆನ್ನುವುದು ಮರ್ಯಾದೆ. ಎರಡನೆಯ ಸಲವೂ ಬೇಡವೆನ್ನಬೇಕು. ಆಮೇಲೆ ಅವರು ಸಿಟ್ಟು ಮಾಡಿ ಬಡಿಸಬೇಕು, ನಾವು ಸಾಕು ಸಾಕು ಎನ್ನುತ್ತ ತಾಟು ಖಾಲಿ ಮಾಡಬೇಕು. ಮಾರ್ತಾಬಾಯಿ ಇದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಹೀಗಾಗಿ ಓಣಿಯಲ್ಲಿ ಅವರಿಗೆ ಜಿಪುಣಿ ಎಂಬ ಹೆಸರಿತ್ತು.

ಅದಕ್ಕಿಂತ ದೊಡ್ಡ ಹೆಸರು 'ಅರ್ಧಾ ಫಾರಿನ್'. ದವಾಖಾನೆಯಲ್ಲಿ ನರ್ಸ್ ಆಗಿದ್ದ ಅವರು ಹೆಚ್ಚಿನ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿ, ಮೊದಲ ಚಳಿಗಾಲದಲ್ಲೇ ಓದು ಬಿಟ್ಟು ತಿರುಗಿ ಬಂದಿದ್ದರು. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದರು. ಇವರು ತಾವಾಗಿಯೇ ಹೇಳುತ್ತಿದ್ದರು: "ನಾ ಸೋತು ಬಂದಾಕಿ. ಅದಕ್ಕ ನನಗ ಗೊತ್ತೈತಿ, ಎಲ್ಲೆಲ್ಲಿ ಸೋಲ್ತಾರ ಅಂತ."

ಅರವತ್ತರ ದಶಕದ ಆರಂಭದಲ್ಲಿ ನನಗೂ ಅಂಥದೇ ತರಬೇತಿಗೆ ಕರೆ ಬಂತು. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು, ನಮ್ಮ ಮನೆತನದಲ್ಲಿ ಪುಣೆ ದಾಟಿದವರಿರಲಿಲ್ಲ. ಅಪ್ಪ ನನ್ನನ್ನು ನೇರವಾಗಿ ಮಾರ್ತಾಬಾಯಿಯ ಮನೆಗೆ ಕರೆದುಕೊಂಡು ಹೋದರು. ಅವರು ತಯಾರು ಮಾಡಿ ಕಳಿಸಿದ್ದ ಹುಡುಗಿಯೊಬ್ಬಳು ಆಗಷ್ಟೇ ಅರ್ಧಕ್ಕೆ ವಾಪಸು ಬಂದಿದ್ದಳು. ಅದು ಅವರಿಗೆ ಎರಡನೆಯ ಸೋಲು. "ಈಕಿ ಓದು ಮುಗಿಸೇ ಬರಬೇಕ್ರಿ, ನಡುವ ಬಂದ್ರ ನಾ ಮಾತಾಡ್ಸಂಗಿಲ್ಲ" ಎಂದು ಅಪ್ಪನಿಗೆ ಖಡಕ್ಕಾಗಿ ಹೇಳಿದರು.

ಮರುದಿನ ನಾನೊಬ್ಬಳೇ ಹೋದಾಗ ಬಿಸಿ ಚುರಮರಿ ಒಗ್ಗರಣೆ ತಂದು "ಬೇಕೇನ?" ಎಂದರು. ಹಸಿದಿದ್ದೆ. ಆದರೂ ರೂಢಿಯಂತೆ, "ಬ್ಯಾಡ್ರಿ, ಈಗ ಉಂಡು ಬಂದೇನ್ರಿ" ಎಂದೆ. ಅವರು ನನ್ನೆದುರಿಗೇ ಕುಳಿತು, ಶೇಂಗಾಕಾಳೊಂದನ್ನೂ ಬಿಡದೆ ತಾವೇ ತಿಂದರು. ನಾನು ಉಗುಳು ನುಂಗಿದೆ. ಕೈ ತೊಳೆದು ಬಂದು ಹೇಳಿದರು: "ಅಲ್ಲಿ ಎರಡನೇ ಸಲ ಯಾರೂ ಕೇಳಂಗಿಲ್ಲವಾ. ಬ್ಯಾಡಂದ್ರ ಬ್ಯಾಡಂತನ ತಿಳಕೋತಾರ. ಹಿಂಗ ಮರ್ಯಾದಿ ಮಾಡಿ ಮಾಡಿ ನಾ ಎಷ್ಟೋ ರಾತ್ರಿ ಉಪಾಸ ಮಲಗೇನಿ."

ಅಲ್ಲಿಂದ ಪಾಠ ಶುರುವಾಯಿತು. ಪಾಸ್‌ಪೋರ್ಟನ್ನು ಪೆಟ್ಟಿಗೆಯಲ್ಲಿ ಇಡಬಾರದು, ಒಳಲಂಗಕ್ಕೆ ಕಿಸೆ ಹೊಲಿಸಿ ಅದರಲ್ಲಿಡಬೇಕು. ಹಡಗಿನಲ್ಲಿ ಹೊಟ್ಟೆ ತೊಳಸಿದರೆ ಮಲಗಬಾರದು, ಮೇಲೆ ಹೋಗಿ ಗಾಳಿಗೆ ನಿಲ್ಲಬೇಕು. ಅಲ್ಲಿ ಚಳಿಗಾಲದಲ್ಲಿ ಚಹಾದ ಹೊತ್ತಿಗೇ ದೀಪ ಹಚ್ಚುತ್ತಾರೆ, ಅದಕ್ಕೆ ಅಳಬಾರದು. ಸೀರೆಯ ಮೇಲೆ ಕಾಲುಚೀಲ, ಬೂಟು ಹಾಕಿಸಿ ನನ್ನನ್ನು ಹಳೇ ಹುಬ್ಬಳ್ಳಿಯ ಸಂದಿಗಳಲ್ಲಿ ನಡೆಸಿದರು. ಜನ ನಿಂತು ನೋಡಿದರು. "ನೋಡ್ಲಿ ಬಿಡು. ಅಲ್ಲೂ ನೋಡ್ತಾರ, ಈಗಿಂದನ ರೂಢಿ ಆಗ್ಲಿ" ಎಂದು ಮುಂದೆ ನಡೆದರು.

ಅವ್ವ ತುಂಬಿಟ್ಟ ಟ್ರಂಕನ್ನು ಒಂದು ದಿನ ಬಂದು ಪರೀಕ್ಷಿಸಿದರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವುಗಳ ಕೆಳಗೆ ಕಲ್ಲಿನ ಕುಟ್ಟಾಣಿ. "ಅಲ್ಲಿ ಬಳ್ಳೊಳ್ಳಿ ಕುಟ್ಟೂದು ಹೆಂಗ್ರಿ?" ಎಂದು ಅವ್ವ ವಾದಕ್ಕೆ ನಿಂತಳು. ಟ್ರಂಕು ಎತ್ತಿಕೊಂಡು ಅಂಗಳ ಸುತ್ತಿ ಬಾ ಎಂದು ಮಾರ್ತಾಬಾಯಿ ನನಗೆ ಹೇಳಿದರು. ಬಾಗಿಲು ದಾಟುವಷ್ಟರಲ್ಲಿ ಸೊಂಟ ಹಿಡಿಯಿತು. ಅವ್ವ ತಾನೇ ಕುಟ್ಟಾಣಿ ತೆಗೆದಿಟ್ಟಳು, ಚಟ್ನಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಇಷ್ಟೆಲ್ಲ ತಿಳಿದವರು ತಾವೇಕೆ ತಿರುಗಿ ಬಂದರು? ನನಗೆ ಅದೊಂದೇ ಕುತೂಹಲ. ಕೇಳಿದರೆ ಒಂದು ದಿನ "ಥಂಡಿ" ಎನ್ನುವರು, ಇನ್ನೊಂದು ದಿನ "ಸಪ್ಪನ ಊಟ" ಎನ್ನುವರು, ಮತ್ತೂ ಕೆದಕಿದರೆ "ಸುಮ್ನ ಬೂಟಿನ ದಾರ ಕಟ್ಟು" ಎಂದು ಗದರುವರು. ಥಂಡಿಗೆ ಉಪಾಯ ಹೇಳಿಕೊಟ್ಟವರು ಥಂಡಿಗೆ ಹೆದರಿ ಬಂದರೆಂದರೆ ನಾನು ಹೇಗೆ ನಂಬಲಿ?

ಹೊರಡುವ ದಿನ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಕೊರಳ ತುಂಬ ಮಾಲೆ. ಎಲ್ಲರದೂ ಒಂದೇ ಮಾತು: "ನಡುವ ಬರಬ್ಯಾಡವಾ, ನಮ್ಮ ಹೆಸರು ಉಳಸು." ಅಪ್ಪನೂ ಅದನ್ನೇ ಹೇಳಿದರು. ಪುಣೆಯ ಗಾಡಿ ಬಂದು ನಿಂತಾಗ ಮಾರ್ತಾಬಾಯಿ ಕಿಟಕಿಯ ಹತ್ತಿರ ಬಂದರು. ಅಂದು ಅವರ ಮೋರೆಯಲ್ಲಿ ಬಿಗುವೇ ಇರಲಿಲ್ಲ. ಕಂಬಿಯ ಮೇಲಿದ್ದ ನನ್ನ ಕೈ ಹಿಡಿದುಕೊಂಡರು.

"ಯಾಕ ಬಂದ್ರಿ ಅಂತ ಕೇಳ್ತಿದ್ದೆಲ್ಲಾ? ನನಗೂ ಎಲ್ಲಾರೂ ಹಿಂಗ ಬರಬ್ಯಾಡ, ಬರಬ್ಯಾಡ ಅಂತ ಹೇಳಿ ಕಳಿಸಿದ್ರು. ಅಲ್ಲಿ ಹೋದ ಮ್ಯಾಲೆ ಜೇಲಿನಾಗ ಕುಂತಂಗ ಆತು. ದಿನಾ ಓಡಿ ಬರೂದನ್ನ ಯೋಚನಿ ಮಾಡಿದೆ, ಓಡಿ ಬಂದೆ. ಮೊದಲನೇ ಹುಡುಗಿಗೆ ನಾನೂ ಅದನ್ನ ಹೇಳಿ ಕಳಿಸಿದೆ, ನಂದ ತಪ್ಪಾತು. ನೀ ಇಲ್ಲಿ ಕೇಳು. ತಡಿಯಾಕ ಆಗಲಿಲ್ಲಂದ್ರ ಬಂದು ಬಿಡು. ಯಾರು ಏನರ ಅನ್ಲಿ, ಸೀದಾ ನನ್ನ ಮನಿಗೆ ಬಾ."

ಗಾಡಿ ಹೊರಟಿತು.

ಅಲ್ಲಿಯ ಮೊದಲ ಚಳಿಗಾಲದಲ್ಲಿ ಟ್ರಂಕಿಗೆ ಬಟ್ಟೆ ತುಂಬಿದ್ದುಂಟು. ಹೋಗುವುದಕ್ಕೆ ಒಂದು ಮನೆ ಇದೆ, ನಾಳೆಯೂ ಹೋಗಬಹುದು ಎನಿಸುತ್ತಿತ್ತು. ಹಾಗೆ ನಾಳೆ ನಾಳೆ ಎನ್ನುತ್ತಲೇ ಓದು ಮುಗಿಯಿತು.

ತಿರುಗಿ ಬಂದು ಹುಬ್ಬಳ್ಳಿಯಲ್ಲಿ ಇಳಿದವಳೇ, ಮೊದಲು ಮಾರ್ತಾಬಾಯಿಯ ಮನೆಗೆ ಹೋಗೋಣವೆಂದೆ. ಅಪ್ಪ ಟ್ರಂಕನ್ನು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈಯಿಟ್ಟರು. "ಹ್ವಾದ ಮಳಿಗಾಲದಾಗ ಹೋಗಿಬಿಟ್ಟರವಾ" ಎಂದರು. "'ಸುದ್ದಿ ತಿಳಿದ್ರ ಓದು ಬಿಟ್ಟು ಬರ್ತಾಳ, ಆಕಿಗೆ ತಿಳಿಸಬ್ಯಾಡ್ರಿ' ಅಂತ ಅವರ ಹೇಳಿದ್ರು."