‘ಇಲ್ಲ’ ಅನ್ನಲು ಕಲಿಸಿದ ಛಾಯಾ

ಸೋಲಾಪುರದ ಚಾದರ ವ್ಯಾಪಾರಿ ಶಾಂತಲಿಂಗಪ್ಪನವರ ಅಂಗಡಿಯ ಅಟ್ಟದ ಮೇಲೆ, ಚಾದರದ ಗಂಟುಗಳ ನಡುವೆ ಒಂದು ಕಂಪ್ಯೂಟರಿನ ಮುಂದೆ ಛಾಯಾ ಕೂರುತ್ತಾಳೆ. ವಯಸ್ಸು ಮೂವತ್ತನಾಲ್ಕು. ಅವಳ ಕೆಲಸವನ್ನು ಇನ್ನೊಬ್ಬರಿಗೆ ವಿವರಿಸುವುದು ಕಷ್ಟ. ವಾಗದರಿಯಲ್ಲಿರುವ ತಾಯಿ ಬೀರವ್ವ ಮಾತ್ರ “ನಮ್ಮ ಪೋರಿ ಹೆಸರಿಡೂ ನೌಕರಿ ಮಾಡ್ತಾಳ” ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದಾಳೆ. ಅಂದಿನಿಂದ ಛಾಯಾಗೆ ತೊಟ್ಟಿಲ ಕಾರ್ಯದ ಆಮಂತ್ರಣಗಳು ಹೆಚ್ಚಾಗಿವೆ.

ಬೀರವ್ವ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಯಾತ್ರಾಸ್ಥಳವಾದ ಅಕ್ಕಲಕೋಟೆಯಲ್ಲಿ ಶಾಂತಲಿಂಗಪ್ಪನವರ ಮನೆತನದ ಧರ್ಮಶಾಲೆಯೊಂದಿದೆ. ಯಾತ್ರಿಕರು ಫೋನಿನಲ್ಲೇ ಖೋಲಿ ಹಿಡಿಯಲೆಂದು ಅದಕ್ಕೊಂದು ವೆಬ್‌ಸೈಟು. ಹೆಸರು ಒಂದೇ, ಹಿಂದಿರುವ ಸರ್ವರು ಎರಡು: ಒಂದು ಸೋಲಾಪುರದ ಈ ಅಟ್ಟದಲ್ಲಿ, ಇನ್ನೊಂದು ಧರ್ಮಶಾಲೆಯ ಆಫೀಸಿನಲ್ಲಿ. ಒಂದು ಕಡೆ ಕರೆಂಟು ಹೋದರೆ ಇನ್ನೊಂದು ಇರಲಿ ಎಂದು. ಯಾತ್ರಿಕನ ಫೋನು ಹೆಸರು ಕೇಳಿದಾಗ ಡಿಎನ್‌ಎಸ್ ಎಂಬ ಹೆಸರಿನ ಕಚೇರಿ ಎರಡರಲ್ಲಿ ಒಂದರ ವಿಳಾಸದ ಅಂಕಿ ಕೊಟ್ಟು ಅಲ್ಲಿಗೆ ಕಳಿಸುತ್ತದೆ. ಯಾವಾಗ ಯಾವ ಅಂಕಿ ಕೊಡಬೇಕೆಂದು ಆ ಕಚೇರಿಗೆ ಹೇಳಿಕೊಡುವವಳು ಛಾಯಾ. ಹೆಸರಿಗೆ ಅಂಕಿ ಕೊಡುವುದು ಸುಲಭ, ಅಂಕೆಯಲ್ಲಿಡುವುದು ಕಷ್ಟ. ಕಂಪ್ಯೂಟರ್ ಪುಸ್ತಕದಲ್ಲಿ ಈ ಏರ್ಪಾಡಿಗೆ ‘ಗ್ಲೋಬಲ್’ ಎಂಬ ವಿಶೇಷಣವಿದೆ. ನಮ್ಮ ಗ್ಲೋಬಿನ ಅಗಲ ನಲವತ್ತು ಕಿಲೋಮೀಟರು.

ಹತ್ತು ಸೆಕೆಂಡಿಗೊಮ್ಮೆ ಕಚೇರಿ ಪ್ರತಿ ಸರ್ವರನ್ನೂ “ಇದ್ದೀಯಾ?” ಎಂದು ವಿಚಾರಿಸುತ್ತದೆ. ಉತ್ತರ ಕೊಡಲೆಂದೇ ಪ್ರತಿ ಸರ್ವರಿನಲ್ಲೂ ಒಂದು ಪುಟವಿರುತ್ತದೆ. ಎಡವಟ್ಟು ಆದದ್ದು ಆ ಪುಟದಲ್ಲಿ.

ಶಾಂತಲಿಂಗಪ್ಪನವರ ಮನೆಯಲ್ಲಿ ‘ಇಲ್ಲ’ ಎನ್ನುವ ಪದ್ಧತಿ ಇಲ್ಲ. ಅಂಗಡಿಯಲ್ಲಿ ಕೇಳಿದ ಬಣ್ಣದ ಚಾದರ ಇರದಿದ್ದರೆ “ನಾಳಿ ಬರ್ತದ್ರಿ” ಎನ್ನಬೇಕು. ಅಕ್ಕಿ ತೀರಿದರೆ ಅವರ ಹೆಂಡತಿ ಸಾವಿತ್ರಿಬಾಯಿ “ಡಬ್ಬಿ ತುಂಬ್ಯದ” ಎನ್ನುತ್ತಾರೆ. ಹೊಸದಾಗಿ ಬಂದ ಸೊಸೆ ಈ ಮಾತು ನಂಬಿ ನಾಲ್ಕು ಮಂದಿ ಬೀಗರನ್ನು ಊಟಕ್ಕೆ ಕೂರಿಸಿದ್ದಳು. ಧರ್ಮಶಾಲೆಯಲ್ಲೂ ಖೋಲಿ ತುಂಬಿದರೆ ಪಡಸಾಲೆಯಲ್ಲಿ ಚಾಪೆ ಹಾಸುತ್ತಾರೆ, ಯಾರನ್ನೂ ತಿರುಗಿ ಕಳಿಸುವುದಿಲ್ಲ. ಸೈಟು ಮಾಡುವಾಗ ಯಜಮಾನರು ಹಾಕಿದ ಷರತ್ತು ಒಂದೇ: “ನಮ್ಮ ಮಶೀನ್ ಯಾರಿಗೂ ಇಲ್ಲ ಅನಬಾರದು.” ಛಾಯಾ ಗೌರವದಿಂದ ಹಾಗೇ ಮಾಡಿದಳು. ಒಳಗೆ ಏನೇ ಆಗಿರಲಿ, ಕೇಳಿದವರಿಗೆಲ್ಲ ಪುಟ “ಬರ್ರಿ” ಎನ್ನುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲೂ ಸಿಸ್ಟರ್ ಹಾಜರಿ ಕರೆದಾಗ ಬಾರದವರ ಪರವಾಗಿ ಯಾರಾದರೂ ‘ಪ್ರೆಸೆಂಟ್’ ಎನ್ನುತ್ತಿದ್ದರು.

ಗುರುಪೂರ್ಣಿಮೆಗೆ ಆರು ದಿನ ಇರುವಾಗ, ಒಂದು ಗುರುವಾರ, ಅಕ್ಕಲಕೋಟೆಯ ಸರ್ವರಿನಲ್ಲಿ ಖೋಲಿಗಳ ಪಟ್ಟಿ ಕೆಟ್ಟು ನಿಂತಿತು. ಪುಟ ಮಾತ್ರ “ಬರ್ರಿ” ಎನ್ನುತ್ತಲೇ ಇತ್ತು. ಕಚೇರಿ ಅದನ್ನು ನಂಬಿ ಅರ್ಧ ಜನರನ್ನು ಅಲ್ಲಿಗೇ ಕಳಿಸಿತು. ಅಲ್ಲಿ ಖೋಲಿ ಕೇಳಿದವರಿಗೂ “ಬರ್ರಿ” ಎಂದೇ ಉತ್ತರ ಸಿಕ್ಕಿತು. ಮರುದಿನ ಬೆಳಿಗ್ಗೆ ಹತ್ತೊಂಬತ್ತು ಕುಟುಂಬಗಳು ಗಂಟು ಮೂಟೆ ಸಮೇತ ಬಂದವು. ಒಬ್ಬರ ಹೆಸರೂ ಪಟ್ಟಿಯಲ್ಲಿರಲಿಲ್ಲ, ಪಡಸಾಲೆ ಆಗಲೇ ಭರ್ತಿ. ಆಳಂದದ ನೀಲಾಬಾಯಿ ಆಪರೇಷನ್ ಆದ ಗಂಡನನ್ನು ಮೆಟ್ಟಿಲ ಮೇಲೆ ಒರಗಿಸಿಕೊಂಡು ಕೂತಿದ್ದರು. ಮ್ಯಾನೇಜರ್ ಅಂಬಾದಾಸ ತನ್ನ ಖೋಲಿ ಬಿಟ್ಟುಕೊಟ್ಟ. ಸುದ್ದಿ ಕೇಳಿ ಬಸ್ಸು ಹಿಡಿದು ಓಡಿಬಂದ ಛಾಯಾಳನ್ನು ನೀಲಾಬಾಯಿ ಬೈಯಲಿಲ್ಲ.

“ಇಲ್ಲ ಅಂದಿದ್ರ ಮುಂದಿನ ವಾರ ಬರ್ತಿದ್ವಿ, ಬಾಯಿ,” ಎಂದರು ಅಷ್ಟೇ.

ವಾಪಸು ಬಸ್ಸಿನಲ್ಲಿ ಛಾಯಾಗೆ ತನ್ನ ಅಪ್ಪ ಕಾಮಣ್ಣ ನೆನಪಾದ. ಬೆಳಿಗ್ಗೆ ಹಟ್ಟಿಯಲ್ಲಿ ಆತ ಎದ್ದು ನಿಂತ ಕುರಿಗಳನ್ನು ನೋಡಿ ಸಮಾಧಾನಪಡುವವನಲ್ಲ. ಯಾವುದು ಮೆಲುಕು ಹಾಕುತ್ತಿಲ್ಲ ಎಂದು ದವಡೆಗಳನ್ನೇ ನೋಡುತ್ತ ಹೋಗುತ್ತಾನೆ. ತಾನು ದವಡೆ ನೋಡದೆ ಕೊಂಬು ಎಣಿಸಿದ್ದೆ ಎಂದು ಅವಳಿಗೆ ನಾಚಿಕೆಯಾಯಿತು. ಪೂರ್ಣಿಮೆಗೆ ಬರುವವರು ಹತ್ತೊಂಬತ್ತು ಕುಟುಂಬವಲ್ಲ, ಸಾವಿರಾರು ಜನ. ಅಷ್ಟರೊಳಗೆ ಪುಟಕ್ಕೆ ‘ಇಲ್ಲ’ ಎನ್ನಲು ಕಲಿಸದಿದ್ದರೆ ಇನ್ನೆಷ್ಟು ರೋಗಿಗಳು ಬೀದಿಗೆ ಬೀಳುತ್ತಾರೋ.

ಮರುದಿನ ಊಟದ ಹೊತ್ತಿಗೆ ಯಜಮಾನರ ಮುಂದೆ ನಿಂತಳು.

“ಕಾಕಾ, ಪುಟ ಬದಲಿ ಮಾಡಬೇಕ್ರಿ. ಪಟ್ಟಿ ತೆರದು ಒಂದ ಖೋಲಿ ಓದಿ ನೋಡ್ಲಿ. ಓದಾಕ ಬಂದ್ರ ಬರ್ರಿ ಅನ್ಲಿ, ಬರಲಿಲ್ಲಂದ್ರ ಇಲ್ಲ ಅನ್ಲಿ.”

“ನಮ್ಮ ಮನಿತನದಾಗ ಯಾರೂ ‘ಇಲ್ಲ’ ಅಂದಿಲ್ಲ ಛಾಯಾ.”

“ಈಗ ಅಂದ್ರಲ್ಲ ಕಾಕಾ, ಎರಡ ಸಲ.”

ಮಜ್ಜಿಗೆ ಬಡಿಸುತ್ತಿದ್ದ ಸಾವಿತ್ರಿಬಾಯಿ ಸೆರಗು ಬಾಯಿಗೆ ಹಿಡಿದರು. ಯಜಮಾನರು ನಗಲಿಲ್ಲ.

“ಆ ‘ಇಲ್ಲ’ ಯಾತ್ರಿಕರಿಗಲ್ರಿ,” ಎಂದು ಛಾಯಾ ಮುಂದುವರಿಸಿದಳು. “ಹೆಸರಿನ ಕಚೇರಿಗಷ್ಟ. ಅಕ್ಕಲಕೋಟಿ ಇಲ್ಲ ಅಂದ್ರ ಅದು ಜನಾನ ಸೋಲಾಪುರಕ್ಕ ಕಳಸ್ತದ. ಮೊದಲ ಕೊಟ್ಟ ಅಂಕಿ ಫೋನ್‌ನ್ಯಾಗ ಒಂದಿನ ಉಳೀತಿತ್ತು. ಈಗ ಒಂದ ಮಿನಿಟಿಗೆ ಮರೀಲಿ ಅಂತ ಮಾಡ್ತೀನಿ.”

“ಎರಡೂ ಇಲ್ಲ ಅಂದ್ರ?”

ಅವಳು ಈ ಪ್ರಶ್ನೆಗೇ ಹೆದರಿದ್ದಳು. “ಪುಣೆದಾಗ ಮೂರನೇ ಪುಟ ಒಂದ ಇಡ್ತೀನಿ. ಸದ್ಯ ಜಾಗಾ ಇಲ್ಲ, ಹೊರಡಬ್ಯಾಡ್ರಿ ಅಂತ. ಖರೇನ ‘ಇಲ್ಲ’ ಅಂತದ ಅದು. ಜನರಿಗೇನ.”

ಯಜಮಾನರು ತಟ್ಟೆಯಲ್ಲೇ ಕೈ ತೊಳೆದರು. “ಆ ಆಳಂದದ ಬಾಯಿ ಪಾವಟಿಗಿ ಮ್ಯಾಲ ಎಷ್ಟೊತ್ತು ಕುಂತಿದ್ಲು?”

“ಮುಂಜಾನಿ ಆರರಿಂದ ಮಧ್ಯಾಹ್ನದ ತನಕ್ರಿ.”

“ಮಾಡು. ಆದ್ರ ನಮ್ಮ ಮನೀದು ‘ಇಲ್ಲ’ ಮಶೀನ್ ಹೇಳೂದು ಬ್ಯಾಡ. ಆ ಪುಟದಾಗ ಅವರ ನಂಬರ್ ಇಸ್ಕೊ. ನಾ ಹೇಳ್ತೀನಿ.”

ಪೂರ್ಣಿಮೆಯ ದಿನ ಹತ್ತು ಗಂಟೆಗೆ ಅಕ್ಕಲಕೋಟೆಯ ಸರ್ವರು ಮತ್ತೆ ನಿಂತಿತು, ಈ ಸಲ ತಾನೇ ‘ಇಲ್ಲ’ ಎಂದಿತು. ಒಂದು ನಿಮಿಷದಲ್ಲಿ ಎಲ್ಲರೂ ಸೋಲಾಪುರದ ಕಡೆ ತಿರುಗಿದರು. ಯಾರಿಗೂ ಗೊತ್ತಾಗಲಿಲ್ಲ. ಎರಡು ಗಂಟೆಗೆ ಸೋಲಾಪುರದ ಕರೆಂಟೂ ಹೋಯಿತು. ಚಾಪೆಗೂ ಜಾಗ ಉಳಿದಿಲ್ಲ ಎಂದು ಅಂಬಾದಾಸ ಫೋನು ಮಾಡಿದ. ಅರ್ಧ ಗಂಟೆಯಲ್ಲಿ ಪುಣೆಯ ಪುಟಕ್ಕೆ ಹದಿನಾಲ್ಕು ನಂಬರುಗಳು ಬಂದವು. ಛಾಯಾ ಅವನ್ನು ತನ್ನ ಫೋನಿನಲ್ಲಿ ನೋಡಿ ಚೀಟಿಯಲ್ಲಿ ಬರೆದು ಕೆಳಗೆ ಗಾದಿಯ ಮೇಲಿದ್ದ ಯಜಮಾನರಿಗೆ ಒಯ್ದಳು.

ಮೊದಲನೆಯದು ಇಂಡಿ ಊರಿನ ಸಾಯಬಣ್ಣನದು. ಯಜಮಾನರು ಮಳೆ ವಿಚಾರಿಸಿದರು. ತೊಗರಿ ವಿಚಾರಿಸಿದರು. ಚಹಾ ಆಯಿತೇ ಎಂದರು. ಛಾಯಾ ಬೇರೆ ಕಡೆ ನೋಡುತ್ತ ನಿಂತಳು.

“ಸಾಯಬಣ್ಣಾರ,” ಎಂದು ಕಡೆಗೆ ಅವರ ದನಿ ಇಳಿಯಿತು. “ಇವತ್ತ ನಮ್ಮಲ್ಲಿ ಜಾಗಾ ಇಲ್ರಿ. ಹೊರಡಬ್ಯಾಡ್ರಿ.”

ಆ ಕಡೆ ಸಾಯಬಣ್ಣ ಯಾರನ್ನೋ “ತಡೀರಿ” ಎಂದು ಕೂಗಿ ತಡೆದ.

“ಛಲೋ ಆತ್ರಿ ಹೇಳಿದ್ದು. ಅವ್ವನ ಗಾಡ್ಯಾಗ ಕುಂದ್ರಸಾಕತ್ತಿದ್ವಿ. ಇಳಸ್ತೀವಿ ತಗೋರಿ.”

ಯಜಮಾನರು ಫೋನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. ಆಮೇಲೆ ಚೀಟಿಯನ್ನು ಛಾಯಾಳ ಕಡೆ ಸರಿಸಿದರು.

“ಮುಂದಿಂದು ಓದು, ಅವ್ವ.”