ಮೀನಿನ ನೀರಿಗೆ ಅತ್ತೆ ಕೈ ಹಾಕಿದ್ದು

ಸ್ನೇಹಿತರೇ, ಬೆಳಗಿನ ನಡುಕ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಅಕ್ವೇರಿಯಂ ನೀರು ಬದಲಿಸುವ ದಿನ. ಮುಳಬಾಗಿಲಿನ ಈ ಚಳಿಗೆ ಡ್ರಮ್ಮಿನಲ್ಲಿ ಹಿಡಿದಿಟ್ಟ ನೀರು ಕೊರೆಯುತ್ತದೆ. ಹಾಗೇ ಸುರಿದರೆ ಮೀನುಗಳು ಉಳಿಯುವುದಿಲ್ಲ. ಒಂದು ಬಕೆಟ್ ತುಂಬಿ ಹೀಟರ್ ರಾಡ್ ಇಳಿಬಿಟ್ಟೆ. ಐದೇ ನಿಮಿಷಕ್ಕೆ ಕರೆಂಟ್ ಹೋಯಿತು. ಬಂದಾಗ ತಾನಾಗಿಯೇ ಕಾಯಲಿ ಎಂದು ಸ್ವಿಚ್ ಆರಿಸದೆ ಒಳಗೆ ಹೋದೆ. ನಮ್ಮ ಬೀದಿಯಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

ವಾಪಸ್ ಬಂದು ನೋಡಿದರೆ ಅತ್ತೆಯ ಕೈ ಮೊಣಕೈವರೆಗೂ ಬಕೆಟ್ಟಿನೊಳಗಿದೆ. ಮೊಮ್ಮಕ್ಕಳಿಗೆ ಎರೆಯುವ ನೀರಿನ ಹದ ನೋಡುವಂತೆ, ರಾಡಿನ ಪಕ್ಕದಲ್ಲೇ ನಿಧಾನವಾಗಿ ಕೈಯಾಡಿಸುತ್ತಿದ್ದಾರೆ.

"ಅತ್ತೆ, ಕೈ ತೆಗೀರಿ," ಅಂದೆ.

"ಕರೆಂಟೇ ಇಲ್ವಲ್ಲಮ್ಮ, ಏಮೀ ಕಾದು," ಅಂದರು. ಅವರದು ಆಂಧ್ರ ಗಡಿಯ ನಂಗಲಿ ಕಡೆ, ಏನೂ ಆಗಲ್ಲ ಎಂದು ಧೈರ್ಯ ಹೇಳುವುದೆಲ್ಲ ತೆಲುಗಿನಲ್ಲೇ.

ಓಡಿಹೋಗಿ ಸ್ವಿಚ್ ಆರಿಸಿದೆ. ಬೆರಳು ಇನ್ನೂ ಅದರ ಮೇಲೇ ಇತ್ತು, ಒಳಗೆ ಫ್ರಿಜ್ ಗುರ್ ಎಂದಿತು.

"ನೋಡು, ಬಂತು. ಸ್ವಿಚ್ ಹಾಕು, ನೀರಿನ್ನೂ ಬೆಚ್ಚಗಾಗಿಲ್ಲ," ಅಂದರು ಅತ್ತೆ. ಕೈ ಆಗಲೂ ನೀರಿನಲ್ಲೇ ಇತ್ತು.

ಪ್ಲಗ್ ಕಿತ್ತು ಅಲ್ಲೇ ಕುಸಿದು ಕೂತೆ.

ಮಧ್ಯಾಹ್ನ ಪಕ್ಕದ ಮನೆಯವರ ಹತ್ತಿರ ಅತ್ತೆ ಹೇಳುತ್ತಿದ್ದರು: "ನಮ್ ಸೊಸೆಗೆ ಮೀನಂದ್ರೆ ಪ್ರಾಣ. ನೀರಿಗೆ ಒಂಚೂರು ಕೈ ಹಾಕಿದ್ದಕ್ಕೇ ಮುಖ ಬಿಳುಚ್ಕೊಂಡು ಕೂತ್ಬಿಟ್ಲು."

ನಾನು ತಿದ್ದಲು ಹೋಗಲಿಲ್ಲ. ತಿದ್ದಿದರೆ, ಸ್ವಿಚ್ ಆರಿಸದೆ ಒಳಗೆ ಹೋದವರು ಯಾರು ಎಂಬುದನ್ನೂ ಹೇಳಬೇಕಾಗುತ್ತಿತ್ತು.