ಹೆಸರು ಹೇಳದ ಸೊಸೆ ಬರೆದ ಸುದ್ದಿ

ಕರಾ-ಬುಲುನ್ ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿಗೆ ಬುರುಲ್ ಸೇರಿದ್ದು ಸೊಸೆಯಾಗಿ ಆ ಊರಿಗೆ ಬಂದ ವರ್ಷ. ತಲೆಗೂದಲು ನರೆಯುವವರೆಗೂ ಅವಳು ಅಲ್ಲೇ ಕೂತಿದ್ದಳು. ಯಾರ ಮಗಳಿಗೆ ಎಲ್ಲಿ ಸಂಬಂಧ ಕುದುರುತ್ತಿದೆ, ಯಾರ ಕುದುರೆಗೆ ಕಾಲು ಊದಿದೆ, ಯಾರು ಯಾರ ಮೇಲೆ ಹಲ್ಲು ಮಸೆಯುತ್ತಿದ್ದಾರೆ, ಎಲ್ಲವೂ ಅವಳ ಕಿವಿಯನ್ನು ದಾಟಿಕೊಂಡೇ ಹೋಗಬೇಕು. ಆದರೆ ಕಿವಿಗೆ ಬಿದ್ದದ್ದು ಬಾಯಿಗೆ ಬಂದದ್ದು ಒಂದು ದಿನವೂ ಇಲ್ಲ. ಬಾವಿಗೆ ಬಿದ್ದ ಕಲ್ಲಾದರೂ ಸದ್ದು ಮಾಡುತ್ತದೆ, ಬುರುಲ್ ಹೊಟ್ಟೆಗೆ ಬಿದ್ದ ಮಾತು ಅಷ್ಟೂ ಮಾಡುವುದಿಲ್ಲ ಎನ್ನುತ್ತಿದ್ದರು ಜನ.

ಅವಳಿಗೆ ಆ ಕೆಲಸ ಒಗ್ಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಹಳೇ ಮನೆತನದ ಸೊಸೆ ಗಂಡನ ಕಡೆಯ ಹಿರಿಯರ ಹೆಸರು ಎತ್ತುವಂತಿಲ್ಲ. ಮಾವ, ಅತ್ತೆ, ಭಾವ, ಭಾವನ ಚಿಕ್ಕಪ್ಪಂದಿರು ಎಂದು ಲೆಕ್ಕ ಹಾಕುತ್ತ ಹೋದರೆ ಅರ್ಧ ಊರೇ ಅವಳ ಗಂಡನ ಕಡೆಯವರು. ಎಕ್ಸ್‌ಚೇಂಜಿನಲ್ಲಿ ಮಾತ್ರ ಆ ತಾಪತ್ರಯವಿರಲಿಲ್ಲ. ಅಲ್ಲಿ ಎಲ್ಲರೂ ಬರೀ ನಂಬರು.

ಆಮೇಲೆ ಬೆಟ್ಟದ ಮೇಲೆ ಮೊಬೈಲ್ ಕಂಬ ಎದ್ದಿತು. ಎಕ್ಸ್‌ಚೇಂಜಿಗೆ ಬೀಗ ಬಿತ್ತು. ಎಲ್ಲರ ಜೇಬಿಗೂ ಫೋನು ಬಂತು, ಊರಿನ ಸುದ್ದಿ ಮಾತ್ರ ಊರಿಗೆ ತಿಳಿಯದಾಯಿತು. ಅವರವರು ಅವರವರ ನೆಂಟರ ಜೊತೆ ಮಾತಾಡಿಕೊಂಡರೆ ಮುಗಿಯಿತು. ಆ ವಸಂತದಲ್ಲಿ ದನದ ಡಾಕ್ಟರು ಚುಚ್ಚುಮದ್ದಿನ ಪೆಟ್ಟಿಗೆ ಹೊತ್ತುಕೊಂಡು ಬಂದರೆ, ಎದುರು ನಿಂತದ್ದು ಒಂದು ಮುದಿ ಹಸು ಮತ್ತು ಅದರ ಒಡತಿ. ಬರುವ ಸೋಮವಾರ ಇನ್ನೊಂದೇ ಸಲ ಬರುತ್ತೇನೆಂದು ಡಾಕ್ಟರು ಸಿಡಿಮಿಡಿಗೊಂಡು ಹೊರಟುಹೋದರು.

"ನಾನೊಂದು ಪತ್ರಿಕೆ ಬರೀತೀನಿ," ಎಂದಳು ಬುರುಲ್ ಅವತ್ತು ಚಹಾ ಬಗ್ಗಿಸುತ್ತ.

ಗಂಡ ಸಾಪರ್ ರೊಟ್ಟಿಗೆ ಕೆನೆ ಸವರುತ್ತಿದ್ದವನು ತಲೆ ಎತ್ತಿದ. "ಇಷ್ಟು ವರ್ಷ ತುಟಿ ಪಿಟಕ್ ಅನ್ಲಿಲ್ಲ. ಈಗ ಒಂದೇ ಸಲ ಊರಿಗೆಲ್ಲ ಡಂಗುರಾನಾ?"

"ಕದ್ದು ಕೇಳಿದ್ದಲ್ಲ. ಜನ ತಾವಾಗಿ ಹೇಳಿದ್ದು, ನಾನೇ ಕಣ್ಣಾರೆ ನೋಡಿದ್ದು. ಅಷ್ಟೇ."

ವಾರಕ್ಕೊಂದು ಹಾಳೆ, ಒಂದೇ ಬದಿ. ಶಾಲೆಯವರು ಜೆರಾಕ್ಸ್ ಮಾಡಿಕೊಡಲು ಒಪ್ಪಿದರು. ಮೊದಲ ಸಂಚಿಕೆಯನ್ನು ಬುರುಲ್ ಅತ್ತೆ ಕುಲಿಪಾಳಿಗೆ ಓದಿ ಹೇಳಿದಳು. ಮುದುಕಿಗೆ ಕಣ್ಣು ಮಂಜು, ಕಿವಿ ಮಾತ್ರ ತೋಳದ್ದು. ಬುರುಲ್ ಮದುವೆಮನೆಯಲ್ಲಿ ಹರಸುವವರ ಧಾಟಿಯಲ್ಲೇ ಬರೆದಿದ್ದಳು: ಹಿಮದ ಕಿರೀಟ ತೊಟ್ಟ ಬೆಟ್ಟಗಳು, ತಾಯಿಯಂಥ ಹೊಳೆ, ಪೂರ್ವಜರ ಆಶೀರ್ವಾದ, ಅದೆಲ್ಲದರ ಕೊನೆಗೆ ದನದ ಡಾಕ್ಟರು.

ಕುಲಿಪಾ ಕಣ್ಣು ಮುಚ್ಚಿ ಕೇಳಿದಳು. "ಚೆನ್ನಾಗಿದೆ ಕಣೇ. ಈಗ ಹೇಳು, ನನ್ನ ಹಸೂನ ಯಾವತ್ತು, ಎಲ್ಲಿಗೆ ಹೊಡ್ಕೊಂಡು ಹೋಗ್ಲಿ?"

"ಕೊನೇ ಸಾಲಲ್ಲಿ ಓದಿದ್ನಲ್ಲ ಅತ್ತೆ."

"ನೀನು ಬೆಟ್ಟ ಇಳಿಯೋ ಹೊತ್ತಿಗೆ ನನಗೆ ತೂಕಡಿಕೆ ಬಂದಿತ್ತು. ಬೆಟ್ಟ ಎಲ್ಲೂ ಓಡಿಹೋಗಲ್ಲ, ಕಿಟಕೀಲಿ ಕಾಣತ್ತೆ. ಡಾಕ್ಟ್ರು ಓಡಿಹೋಗ್ತಾನೆ. ಅವನನ್ನ ಮುಂದೆ ಕಟ್ಟು."

ಬುರುಲ್‌ಗೆ ಸಿಟ್ಟು ಬಂತು, ಆಮೇಲೆ ನಗು ಬಂತು. ಡಾಕ್ಟರು ಮೊದಲ ಸಾಲಿಗೆ ಬಂದರು. ಸೋಮವಾರ ಹಿಟ್ಟಿನ ಗಿರಣಿಯ ಅಂಗಳದಲ್ಲಿ ಹಿಡಿಸಲಾರದಷ್ಟು ದನ. ಡಾಕ್ಟರು ಟೋಪಿ ತೆಗೆದು ಬೆವರು ಒರೆಸಿಕೊಂಡರು.

ಅಲ್ಲಿಂದ ಹಾಳೆ ಅಂಗಡಿ, ಗಿರಣಿ, ಊರಿನ ಸಾರ್ವಜನಿಕ ಸ್ನಾನದ ಮನೆ, ಬಸ್ಸು ನಿಲ್ಲುವ ಜಾಗ ಎಲ್ಲ ಕಡೆ ಅಂಟಿಕೊಂಡಿತು. ತೊಂದರೆ ಶುರುವಾದದ್ದು ಕುದುರೆ ಓಟದ ಸುದ್ದಿಯಿಂದ. ಗೆದ್ದದ್ದು ಗಂಡನ ಚಿಕ್ಕಪ್ಪನ ಕುದುರೆ. ಹೆಸರು ಎತ್ತುವಂತಿಲ್ಲವಲ್ಲ, "ಬಿಳಿ ಮೀಸೆಯ ಹಿರಿಯರೊಬ್ಬರ ಕುದುರೆ ಮೊದಲು ಬಂತು" ಎಂದು ಬರೆದಳು. ಅಷ್ಟೇ ಸಾಕಾಯಿತು. ಕೆಳಕೇರಿಯಲ್ಲಿ ಬಿಳಿ ಮೀಸೆಯ ಇನ್ನೊಬ್ಬ ಮುದುಕನಿದ್ದ. ಅವನದು ಕುಂಟುಗುದುರೆ. ಅವನ ಮನೆಗೆ ಅಭಿನಂದಿಸಲು ಜನವೋ ಜನ. ಅವನ ಹೆಂಡತಿ ಯಾಕೆ ಬಂದಿರಿ ಎಂದು ಕೇಳುವುದು ಮರ್ಯಾದೆಯಲ್ಲವೆಂದು ಹಿಟ್ಟು ನಾದಿ, ಬೊರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದು ರಾಶಿ ಹಾಕಿದಳು. ಮುದುಕ ಕೂಡ ಗೊತ್ತಾದಮೇಲೂ ಸುಮ್ಮನೆ ಕೂತು ಹೊಗಳಿಕೆ ಸವಿದ. ನಿಜವಾಗಿ ಗೆದ್ದ ಚಿಕ್ಕಪ್ಪ ಮಾತ್ರ ಒಂದು ವಾರ ಮುಖ ಊದಿಸಿಕೊಂಡಿದ್ದ.

ಬುರುಲ್ ತಲೆ ಮೇಲೆ ಕೈ ಹೊತ್ತು ಕೂತಳು. "ಯಾರು ಅಂತ ಬರೀದೆ ಇದ್ರೆ ಸುದ್ದೀನೇ ಅಲ್ಲ ಅತ್ತೆ. ಬರೆದ್ರೆ ಸೊಸೇನೇ ಅಲ್ಲ. ನಿಲ್ಲಿಸಿಬಿಡ್ತೀನಿ."

ಕುಲಿಪಾ ಮಂಜುಗಣ್ಣನ್ನು ಸೊಸೆಯ ಕಡೆ ತಿರುಗಿಸಿದಳು. "ನಮ್ಮತ್ತೆ ನನಗೆ ಹೇಳಿದ್ದು, ಹಿರಿಯರ ಹೆಸರು ಬಾಯಲ್ಲಿ ಹೇಳಬಾರ್ದು ಅಂತ. ಕೈಯಲ್ಲಿ ಬರೀಬಾರ್ದು ಅಂತ ಹೇಳ್ಲಿಲ್ಲ. ಪಾಪ, ಅವಳಿಗೆ ಬರಿಯೋಕೆ ಬರ್ತಿರ್ಲಿಲ್ಲ, ಅದು ಬೇರೆ ಮಾತು. ಬರಿ. ಓದುವಾಗ ಮಾತ್ರ ಆ ಜಾಗದಲ್ಲಿ ಕೆಮ್ಮು, ನಾನು ತಿಳ್ಕೋತೀನಿ."

ಹೀಗೆ ಹೆಸರುಗಳು ಹಾಳೆಗೆ ಬಂದವು. ಮನೆಯಲ್ಲಿ ಓದುವಾಗ ಬುರುಲ್ ಸಾಲುಸಾಲಿಗೂ ಕೆಮ್ಮುತ್ತಿದ್ದಳು. ದಾರಿಯಲ್ಲಿ ಹೋಗುವವರು, ಪಾಪ ಸಾಪರನ ಹೆಂಡತಿಗೆ ಎದೆಯ ಕಾಯಿಲೆ ಎಂದುಕೊಂಡರು.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಸೇತುವೆಯ ಪ್ರಕರಣ ನಡೆಯಿತು. ಊರಿನ ಮುಖ್ಯಸ್ಥ ಬೊರುಬಾಯ್. ಕುಲಿಪಾಳ ಹಿರಿಯ ಮಗ, ಬುರುಲ್‌ಗೆ ಭಾವ. ಸೇತುವೆ ದುರಸ್ತಿಯಾಯಿತೆಂದು ಅವನು ಜಿಲ್ಲೆಯವರನ್ನು ಕರೆಸಿ ರಿಬ್ಬನ್ ಕತ್ತರಿಸಿದ. ಚಪ್ಪಾಳೆ, ಕುದುರೆಯ ಹುಳಿಹಾಲು ಕುಮಿಸ್, ಭಾಷಣ ಎಲ್ಲ ಆಯಿತು. ಆಮೇಲೆ ಎಲ್ಲರೂ ಪ್ಯಾಂಟು ಮಡಚಿಕೊಂಡು ಹೊಳೆಯಲ್ಲೇ ಇಳಿದು ಮನೆಗೆ ಹೋದರು. ಯಾಕೆಂದರೆ ಸೇತುವೆಯ ನಡುವೆ ಹಲಗೆಗಳೇ ಇರಲಿಲ್ಲ.

ಬುರುಲ್ ಬರೆದಳು: "ಮುಖ್ಯಸ್ಥ ಬೊರುಬಾಯ್ ಶುಕ್ರವಾರ ಸೇತುವೆಯನ್ನು ಉದ್ಘಾಟಿಸಿದರು. ನಡುವೆ ಹಲಗೆಗಳಿಲ್ಲ. ಬಂದವರು ಹೊಳೆ ದಾಟಿ ಹಿಂದಿರುಗಿದರು."

ಸ್ನಾನದ ಮನೆಯಲ್ಲಿ ಇದನ್ನು ಯಾರೋ ಗಟ್ಟಿಯಾಗಿ ಓದಿದರಂತೆ. ಹಬೆಯ ನಡುವೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೊರುಬಾಯ್ ಅಲ್ಲೇ ಒಂದು ಮೂಲೆಯಲ್ಲಿ ಸೋಪು ಹಚ್ಚಿಕೊಳ್ಳುತ್ತಿದ್ದ.

ತಲೆಗೂದಲು ಒದ್ದೆ ಇರುವಾಗಲೇ ಅವನು ತಾಯಿಯ ಮನೆ ಬಾಗಿಲಲ್ಲಿ ನಿಂತ. "ಅಮ್ಮಾ, ನಿನ್ನ ಸೊಸೆ ನನ್ನ ಹೆಸರು ಬರ್ದಿದಾಳೆ! ಊರೆದುರು! ಇದೇನಾ ಮನೆತನ?"

"ಹೆಸರು ತಪ್ಪು ಬರ್ದಿದಾಳಾ?"

"ಇಲ್ಲ."

"ಹಲಗೆ ಇದೆಯಾ?"

ಬೊರುಬಾಯ್ ಟೋಪಿ ತೆಗೆದು ಒಳಗೆ ಬಂದ. ಆಮೇಲೆ ಬುರುಲ್ ಕಡೆ ತಿರುಗಿದ. ದನಿ ಇಳಿದಿತ್ತು. "ಅಲ್ಲಮ್ಮಾ, ನನ್ನ ಒಂದು ಮಾತು ಕೇಳಿದ್ಯಾ? ಹಲಗೆ ಹೊತ್ತ ಲಾರಿ ಕಣಿವೆ ಮೇಲೆ ಹಿಮದಲ್ಲಿ ಹೂತುಕೂತಿದೆ. ಡ್ರೈವರು ಅಲ್ಲೇ ಕುರುಬರ ಮನೇಲಿದಾನೆ. ಜಿಲ್ಲೆಯವರು ದಿನ ಬದಲಾಯಿಸಲ್ಲ ಅಂದ್ರು. ನಾನೇನು ಹಲಗೆ ತಿಂದೆನಾ? ಪಕ್ಕದ ಮನೇಲೇ ಇದೀನಲ್ಲ, ಒಂದು ಸಲ ಬಾಗಿಲು ತಟ್ಟೋಕಾಗ್ಲಿಲ್ವಾ?"

ಬುರುಲ್ ಮುಖ ಕೆಂಪಾಯಿತು. ಅವನು ಹೇಳಿದ್ದು ಸರಿ. ಇಷ್ಟು ವರ್ಷ ಎರಡೂ ತುದಿಯ ಮಾತು ಕೇಳಿಸಿಕೊಂಡವಳು ತಾನು, ಬರೆಯಲು ಕೂತಾಗ ಒಂದೇ ತುದಿ ಹಿಡಿದಿದ್ದಳು. ಅದೂ ಹಲಗೆಯಿಲ್ಲದ ಸೇತುವೆ ತೀರ ತಮಾಷೆಯಾಗಿ ಕಂಡಿತೆಂದು. ಅವಳು ಪೆನ್ನು ತೆಗೆದುಕೊಂಡು ಚಾಪೆಯ ತುದಿಗೆ ಕೂತಳು.

"ತಪ್ಪಾಯ್ತು ಭಾವ. ಈಗ ಹೇಳಿ. ಲಾರಿ ಯಾವ ಕಡೆ ಇದೆ?"

ಕುಲಿಪಾ ಮಗನಿಗೆ ಚಹಾ ತರಿಸಿದಳು. ಅವನು ಮುನಿಸಿನಲ್ಲೇ ಕುಡಿದ, ಮುನಿಸಿನಲ್ಲೇ ಹೇಳಿದ.

ವಾರ ಕಾಯದೆ ಮರುದಿನ ಬೆಳಿಗ್ಗೆಯೇ ಇನ್ನೊಂದು ಹಾಳೆ ಗೋಡೆಗೆ ಬಂತು. "ಸೇತುವೆಯ ಹಲಗೆಗಳಿರುವ ಲಾರಿ ಕಣಿವೆಯ ಮೇಲಿನ ತಿರುವಿನಲ್ಲಿ ಹಿಮಕ್ಕೆ ಸಿಕ್ಕಿಕೊಂಡಿದೆ ಎಂದು ಬೊರುಬಾಯ್ ತಿಳಿಸಿದ್ದಾರೆ. ಎಳೆಯಲು ಟ್ರ್ಯಾಕ್ಟರ್ ಬೇಕು. ಹಿಂದಿನ ಸುದ್ದಿ ಬರೆಯುವಾಗ ಅವರನ್ನು ಕೇಳಿರಲಿಲ್ಲ. ಕೇಳಬೇಕಿತ್ತು."

ಬುರುಲ್ ಅಂದುಕೊಂಡಿದ್ದು ಜನ ಇದಕ್ಕೂ ನಗುತ್ತಾರೆಂದು. ಜನ ನಗಲಿಲ್ಲ. ಅಂಗಡಿಯ ಮುಂದೆ ಓದಿದವರು ಅಲ್ಲಿಂದಲೇ ಫೋನು ಮಾಡತೊಡಗಿದರು. ಯಾರೋ ಹಗ್ಗ ತಂದರು, ಯಾರೋ ಡೀಸೆಲ್. ಮೊದಲ ಟ್ರ್ಯಾಕ್ಟರ್ ಹೊರಟದ್ದು ಸಾಪರನದು.

"ನೀವ್ಯಾಕೆ ಹೊರಟ್ರಿ? ನಿಮ್ಮ ಸೊಂಟ ನೆಟ್ಟಗಿಲ್ಲ," ಎಂದಳು ಬುರುಲ್.

"ಮುಂದಿನ ಹಾಳೇಲಿ ಯಾರ್ ಯಾರು ಹೋದ್ರು ಅಂತ ಬರೀತೀಯಲ್ಲ. ನನ್ನ ಹೆಸರಿಲ್ದೇ ಇದ್ರೆ ಈ ಮನೇಲಿ ನಾನು ಅನ್ನ ತಿನ್ನೋದು ಹೇಗೆ?"

ಸಂಜೆಗೆ ಲಾರಿ ಇಳಿಯಿತು. ಡ್ರೈವರನ ಜೊತೆ ಕುರುಬರು ಕೊಟ್ಟ ಒಂದು ಕುರಿಮರಿಯೂ ಇಳಿಯಿತು. ಎರಡೇ ದಿನದಲ್ಲಿ ಹಲಗೆ ಬಡಿದು ಮುಗಿಸಿದರು, ಬೊರುಬಾಯ್ ತಾನೇ ಸುತ್ತಿಗೆ ಹಿಡಿದಿದ್ದ. ಈ ಸಲ ರಿಬ್ಬನ್ ಇರಲಿಲ್ಲ. ಮೊದಲು ದಾಟಿದ್ದು ಕುಲಿಪಾಳ ಹಸು, ಅದರ ಹಿಂದೆ ಕುಲಿಪಾ.

ಅಂದಿನಿಂದ ಬುರುಲ್ ಯಾರ ಬಗ್ಗೆ ಬರೆದರೂ ಮೊದಲು ಅವರ ಬಾಗಿಲು ತಟ್ಟುತ್ತಾಳೆ. ಇದರಿಂದ ಅವಳು ಕುಡಿಯುವ ಚಹಾ ಮೂರು ಪಟ್ಟು ಹೆಚ್ಚಾಗಿದೆ. ಮಾಸ್ಕೋದಲ್ಲಿ ಕಟ್ಟಡ ಕೆಲಸಕ್ಕೆ ಹೋದವರಿಗೆ ಮನೆಯವರು ಹಾಳೆಯ ಫೋಟೋ ಕಳಿಸುತ್ತಾರೆ. ಅಲ್ಲಿಂದ "ಅಕ್ಕಾ, ನಮ್ಮ ಹಸು ಕರು ಹಾಕಿದ್ದು ಯಾಕೆ ಬರಲಿಲ್ಲ?" ಎಂಬ ತಕರಾರುಗಳು ಬರುತ್ತವೆ. ಬೇಸಿಗೆಯಲ್ಲಿ ಊರೆಲ್ಲ ಮಂದೆ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗುವಾಗ ಪತ್ರಿಕೆಗೂ ರಜೆ.

ಕಳೆದ ಚುನಾವಣೆಯಲ್ಲಿ ಬೊರುಬಾಯ್ ಸೋತ. ಬುರುಲ್ ಹೋಗಿ ಬಾಗಿಲು ತಟ್ಟುವ ಮೊದಲೇ ಅವನೇ ಬಂದು ಕೂತ, ಗಂಟಲು ಸರಿಮಾಡಿಕೊಂಡ, ತನ್ನ ಅಧಿಕಾರದ ಕಥೆಯನ್ನೆಲ್ಲ ಬರೆಸಿದ. ರಸ್ತೆ, ಕಾಲುವೆ, ಶಾಲೆಯ ಒಲೆ, ಕೃತಘ್ನ ಜನ, ಎಲ್ಲವನ್ನೂ. ಬುರುಲ್ ತಲೆಯಾಡಿಸುತ್ತ ಬರೆದುಕೊಂಡಳು. ಆಮೇಲೆ ಗೆರೆ ಎಳೆಯುತ್ತ ಹೋದಳು. ಉಳಿದದ್ದನ್ನು ಒಂದು ಸಲ ಕೆಮ್ಮಿ ಓದಿದಳು: "...ಅವರು ಸೋತರು. ಇನ್ನು ಕುದುರೆ ಸಾಕುವುದಾಗಿ ತಿಳಿಸಿದರು."

"ಇಷ್ಟೇನಾ?"

"ಇಷ್ಟೇ ಭಾವ. ಕೆಳಗಡೆ ಕಳೆದುಹೋದ ಕುರಿ ಸುದ್ದಿಗೆ ಜಾಗ ಬೇಕಲ್ಲ."

ಬೊರುಬಾಯ್ ಹಾಳೆಯ ಮೇಲೆ ಬಗ್ಗಿದ. "ಯಾವ ಕುರಿ? ಕಿವಿ ಸೀಳಿದ್ದಾ? ಅದು ನಿನ್ನೆ ನಮ್ಮ ಕೊಟ್ಟಿಗೆಗೆ ಬಂದಿದೆ, ಬರ್ಕೋ," ಎಂದ.